ಹೆಸರು ಬಿಡಿ, ಗೆರೆ ಯಾರದು ಕೇಳಿ

ಕೇಳುಗರಿಗೆ ನಮಸ್ಕಾರ. ಕಲಬುರಗಿ, ಬೀದರ, ಯಾದಗಿರಿ ಕಡೆ ಚಿತ್ರಕಲೆ ಕಲಿಯುತ್ತಿರುವ ಮಕ್ಕಳೇ, ಈ ಮಾತು ಮುಖ್ಯವಾಗಿ ನಿಮಗೆ.

ಅಮೆರಿಕದ ಕಾಮಿಕ್ಸ್ ಪುಸ್ತಕಗಳ ನಾಯಕ ಬ್ಯಾಟ್‌ಮ್ಯಾನ್‌ನ ಚಿತ್ರ ಬರೆದವರು ಯಾರು ಅಂದರೆ ಎಲ್ಲರೂ ಬಾಬ್ ಕೇನ್ ಅಂತೀರಿ. ಪುಟದ ಮೇಲೆ ಇದ್ದದ್ದು ಅದೇ ಹೆಸರು, ಸರಿ. ಆದರೆ ಹೆಸರು ಬಿಡಿ, ಗೆರೆ ಯಾರದು ಕೇಳಿ.

1940ರ ದಶಕದ ಕೊನೆಯಿಂದ 1953ರವರೆಗೆ ಬಹಳಷ್ಟು ಗೆರೆ ಲ್ಯೂ ಸೇಯರ್ ಶ್ವಾರ್ಟ್ಜ್ ಅವರದು. ಹುಟ್ಟಿದ್ದು 1926, ಅಮೆರಿಕದ ನ್ಯೂ ಬೆಡ್‌ಫರ್ಡ್. ಪುಟವೆಲ್ಲ ಇವರ ಪೆನ್ಸಿಲ್. ಬ್ಯಾಟ್‌ಮ್ಯಾನ್, ಅವನ ಜೊತೆಗಾರ ರಾಬಿನ್ ಆಕೃತಿಗಳನ್ನ ಕೇನ್ ತಿದ್ದುತ್ತಿದ್ದರು. ಇಂಕು ಹಾಕುವವರು ಮತ್ತೊಬ್ಬರು. ಸಹಿ ಮಾತ್ರ ಕೇನ್‌ದೊಂದೇ! ಕಥೆ ಬರೆಯುತ್ತಿದ್ದ ಬಿಲ್ ಫಿಂಗರ್‌ಗೆ ಸಹ-ಸೃಷ್ಟಿಕರ್ತ ಅನ್ನೋ ಮನ್ನಣೆ ಸಿಕ್ಕಿದ್ದೇ 2015ರಲ್ಲಿ.

ಶ್ವಾರ್ಟ್ಜ್ ಗೆರೆಗೆ ಒಂದು ಉದಾಹರಣೆ, ಬ್ಯಾಟ್‌ಮ್ಯಾನ್ ಕಥೆ ಬರುತ್ತಿದ್ದ ಡಿಟೆಕ್ಟಿವ್ ಕಾಮಿಕ್ಸ್ ಪತ್ರಿಕೆ, 1951ರ ಫೆಬ್ರುವರಿಯ 168ನೇ ಸಂಚಿಕೆ. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಹೇಗೆ ಜೋಕರ್ ಆದ ಅನ್ನೋದು ಮೊದಲು ಬಂದದ್ದು ಅದರಲ್ಲೇ. ಕೆಂಪು ಮುಸುಕಿನ ಕಳ್ಳ ಇಸ್ಪೀಟು ಎಲೆ ಮಾಡುವ ಕಾರ್ಖಾನೆಗೆ ನುಗ್ಗುತ್ತಾನೆ, ತಪ್ಪಿಸಿಕೊಳ್ಳೋಕೆ ರಾಸಾಯನಿಕದ ಹೊಲಸು ನೀರಿಗೆ ಹಾರುತ್ತಾನೆ. ಬದುಕಿ ಹೊರಗೆ ಬಂದರೆ ಮುಖ ಸುಣ್ಣ, ಕೂದಲು ಹಸಿರು! ಒಮ್ಮೆ ತರಗತಿಯಲ್ಲಿ ಆ ಪುಟಗಳ ಮಾತಿನ ಗುಳ್ಳೆಗಳ ಮೇಲೆಲ್ಲ ಕಾಗದದ ಚೂರು ಅಂಟಿಸಿ ಕೊಟ್ಟೆ. ಒಂದಕ್ಷರ ಕಾಣದು. ಹುಡುಗರು ಗುಸುಗುಸು ಮಾಡ್ತಾ ಓದಿದರು, ಕಥೆ ಸರಿಯಾಗೇ ಹೇಳಿದರು. ಹಿಂದಿನ ಬೆಂಚಿನ ಆಳಂದದ ಹುಡುಗ ಎದ್ದು, "ಸರ್, ಇದು ಪಿಚ್ಚರ್ ನೋಡಿದಂಗ ಅದರೀ" ಅಂದ. ಅಷ್ಟೇ ನೋಡಿ! ಯಾವುದನ್ನ ದೂರದಿಂದ ತೋರಿಸಬೇಕು, ಯಾವಾಗ ಮುಖದ ಹತ್ತಿರ ಹೋಗಬೇಕು, ಎಲ್ಲಿ ಕತ್ತರಿಸಬೇಕು, ಈ ಲೆಕ್ಕ ಗೆರೆ ಎಳೆಯುವವನಿಗೆ ಮೊದಲೇ ಗೊತ್ತಿರುತ್ತೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಬೆರಳು ತೋರಿಸ್ತಿದ್ದಾರೆ. ಬೇಗ ಹೇಳ್ತೀನಿ. ಶ್ವಾರ್ಟ್ಜ್ 1953ರಲ್ಲಿ ಬ್ಯಾಟ್‌ಮ್ಯಾನ್ ಬಿಟ್ಟು ಜಾಹೀರಾತಿಗೆ ಹೋದರು. 1961ರಲ್ಲಿ ಪಾಬ್ಲೊ ಫೆರೊ, ಫ್ರೆಡ್ ಮೊಗಬ್‌ಗಬ್ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ಸ್ವಂತ ಫಿಲ್ಮ್ ಕಂಪನಿ ತೆರೆದು ಟೀವಿ ಜಾಹೀರಾತು ಮಾಡಿದರು. ಕಂಪನಿಯ ಹೆಸರಿನಲ್ಲೇ ಮೂವರ ಹೆಸರೂ ಇತ್ತು! ಮುಂದೆ ವ್ಯಂಗ್ಯಚಿತ್ರಕಾರ ಮಿಲ್ಟನ್ ಕ್ಯಾನಿಫ್ ಮೇಲೆ ಸಾಕ್ಷ್ಯಚಿತ್ರ ತೆಗೆದರು. ತೀರಿಕೊಂಡದ್ದು 2011ರಲ್ಲಿ.

ನಮ್ಮ ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರೂ ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದವರೇ. ಅವರ ಬಗ್ಗೆ ಹೇಳಬೇಕಂತಲೇ ಬಂದಿದ್ದೆ, ಹೊತ್ತು ಆಯ್ತು. ಅವರ ಚಿತ್ರ ಎಲ್ಲಿ ಸಿಕ್ಕರೂ ಮೂಲೆಯ ಸಹಿ ಆಮೇಲೆ ನೋಡಿ, ಮೊದಲು ಗೆರೆ ನೋಡಿ. ನಮಸ್ಕಾರ.