ಒಂದು ಮೊಳ ಜಾಗ

ಶರಣು ಶರಣಾರ್ಥಿ, ಕೇಳುಗರೆ.

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಮಗಳನ್ನು ಕರಕೊಂಡು ನಮ್ಮ ಕರಾಟೆ ಕ್ಲಾಸಿಗೆ ಬಂದರು. ಬೆಳಗಿನ ಐದೂವರೆ ಗಂಟೆ. ಕಲಬುರಗಿ ಬೇಸಿಗೆಯಲ್ಲಿ ಅದಕ್ಕಿಂತ ತಡಮಾಡಿದರೆ ಬೆವರು ಒರೆಸಿಕೊಳ್ಳುವುದೇ ಒಂದು ವ್ಯಾಯಾಮ. ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಆ ತಾಯಿ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಸರ, ನಮ್ ಹುಡುಗಿ ದಿನಾ ಆಳಂದ ಬಸ್ಸಿನಾಗ ಕಾಲೇಜಿಗೆ ಬರ್ತಾಳ್ರಿ. ಆ ಗದ್ದಲದಾಗ ಕೈ ಚಾಚಲಿಕ್ಕೇ ಜಾಗ ಇರಂಗಿಲ್ಲ. ಅಲ್ಲಿ ನಿಮ್ ಪಂಚು ಏನ್ ಮಾಡ್ತದ್ರಿ?"

ಮೂವತ್ತು ವರ್ಷದಿಂದ ಹೊಸಬರಿಗೆ ಮೊದಲ ದಿನ ನೇರ ಗುದ್ದನ್ನೇ ಕಲಿಸುತ್ತ ಬಂದವನು ನಾನು. ಆ ಹುಡುಗಿಗೆ ಮಾತ್ರ ಮೊದಲು ಕಲಿಸಿದ್ದು ಮೊಳಕೈ. ಇವತ್ತಿನ ಮಾತೂ ಅದರದ್ದೇ.

ಮೊಳಕೈ ನಮಗೆ ಅಳತೆಗೋಲು. ಶರಣಬಸವೇಶ್ವರ ಗುಡಿಗೆ ಹೋಗುವಾಗ ಹೂವು ಕೊಳ್ಳುತ್ತೀರಲ್ಲ, ಬೆರಳ ತುದಿಯಿಂದ ಮೊಳಕೈವರೆಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಹೂವಿನವರ ಮೊಳ ನಮ್ಮ ಮೊಳಕ್ಕಿಂತ ಯಾಕೆ ಯಾವಾಗಲೂ ಗಿಡ್ಡ ಇರುತ್ತದೆ ಎಂಬುದಕ್ಕೆ ಬೇರೆ ಭಾಷಣವೇ ಬೇಕು. ಮೊಳಕೈ ಹೊಡೆತಕ್ಕೆ ಜಗತ್ತಿನಲ್ಲೇ ಹೆಸರಾದ ಥಾಯ್ಲೆಂಡಿನವರಿಗೂ ಇದೇ ಲೆಕ್ಕ ಉಂಟು. ಅವರ ಮಾತಿನಲ್ಲಿ ಮೊಳಕೈಗೆ 'ಸೋಕ್' ಅನ್ನುತ್ತಾರೆ, ಮೊಳಕ್ಕೂ 'ಸೋಕ್' ಅನ್ನುತ್ತಾರೆ. ಈಗ ಅದನ್ನು 50 ಸೆಂಟಿಮೀಟರ್ ಎಂದು ಗೊತ್ತು ಮಾಡಿದ್ದಾರೆ. ನಾಲ್ಕು ಸೋಕಿಗೆ ಒಂದು 'ವಾ', ಅಂದರೆ ನಮ್ಮ ಮಾರು.

ಜಗಳದಲ್ಲೂ ಲೆಕ್ಕ ಮೊಳದ್ದೇ. ಎದುರಿನವನು ಒಂದೂವರೆ ಮೊಳ ದೂರ ಇದ್ದರೆ ಗುದ್ದು ತಾಗುತ್ತದೆ. ಅವನು ಎದೆಗೆ ಎದೆ ಹತ್ತಿ ನಿಂತಾಗ ಮುಷ್ಟಿಗೆ ಓಡಲು ದಾರಿಯೇ ಇರುವುದಿಲ್ಲ. ಮೊಳಕೈ ಕೆಲಸ ಶುರುವಾಗುವುದು ಆಗ. ಹೊಸಬರು ತೋಳಿನಿಂದ ಹೊಡೆಯಲು ಹೋಗಿ ಭುಜ ನೋಯಿಸಿಕೊಳ್ಳುತ್ತಾರೆ. ಬೀಸುಕಲ್ಲಿನ ಮುಂದೆ ಕೂತ ಅಜ್ಜಿಯನ್ನು ನೆನಪು ಮಾಡಿಕೊಳ್ಳಿ. ಗೂಟ ಹಿಡಿದದ್ದು ಕೈ, ಕಲ್ಲು ತಿರುಗಿಸುವುದು ಸೊಂಟ. ಇಲ್ಲಿಯೂ ಹಿಮ್ಮಡಿ ತಿರುಗಬೇಕು, ಅದರ ಹಿಂದೆ ಸೊಂಟ, ಅದರ ಹಿಂದೆ ಭುಜ. ಮಡಚಿದ ಕೈ ಸುಮ್ಮನೆ ಜೊತೆಗೆ ಬರುತ್ತದೆ. ಮುಷ್ಟಿ ಬಿಗಿಯುವುದೂ ಬೇಡ, ಅಂಗೈ ಸಡಿಲ ಬಿಟ್ಟರೆ ಹೊಡೆತ ಚುರುಕಾಗುತ್ತದೆ.

ಇನ್ನೊಂದು ಲಾಭ ಇದೆ. ನಮ್ಮ ಒಂದು ಕೈಯಲ್ಲಿ, ಮಣಿಕಟ್ಟು ಸೇರಿ, 27 ಸಣ್ಣ ಎಲುಬುಗಳಿವೆ. ಬರಿ ಮುಷ್ಟಿಯಿಂದ ತಲೆಬುರುಡೆಗೆ ಗುದ್ದಿದವನ ಕಿರುಬೆರಳ ಕೆಳಗಿನ ಎಲುಬು ಮುರಿಯುವುದು ಎಷ್ಟು ಸಾಮಾನ್ಯ ಎಂದರೆ ವೈದ್ಯರು ಅದಕ್ಕೆ ಬಾಕ್ಸರನ ಮುರಿತ ಎಂದೇ ಹೆಸರಿಟ್ಟಿದ್ದಾರೆ. ಮೊಳಕೈಗೆ ಆ ಹೆದರಿಕೆ ಕಡಿಮೆ. ಆದರೆ ತಾಗಿಸಬೇಕಾದದ್ದು ತುದಿಯ ಕೆಳಗಿನ ಗಟ್ಟಿ ಎಲುಬಿನಂಚು. ಒಳಬದಿ ತಾಗಿದರೆ ಏನಾಗುತ್ತದೆ ಎಂದು ಬಾಗಿಲಿಗೆ ಮೊಳಕೈ ಬಡಿಸಿಕೊಂಡ ಎಲ್ಲರಿಗೂ ಗೊತ್ತು. ಕಿರುಬೆರಳವರೆಗೆ ಕರೆಂಟು ಹೊಡೆದಂತೆ ಜುಮ್ ಅನ್ನುವುದು ಎಲುಬಿನ ನೋವಲ್ಲ, ಅಲ್ಲಿ ಚರ್ಮದ ಕೆಳಗೇ ಹಾದುಹೋಗುವ ನರ.

ಥಾಯ್ ಜನರ ಕಾದಾಟದ ಆಟ ಮುಯೆ ಥಾಯ್‌ನಲ್ಲಿ ಎರಡು ಮುಷ್ಟಿ, ಎರಡು ಮೊಳಕೈ, ಎರಡು ಮೊಣಕಾಲು, ಎರಡು ಕಾಲು, ಹೀಗೆ ಎಂಟು ಅಂಗಗಳ ಲೆಕ್ಕ. ಅಡ್ಡ ಬೀಸುವ ಮೊಳಕೈಗೆ ಅವರು 'ಸೋಕ್ ತತ್' ಎನ್ನುತ್ತಾರೆ. 'ತತ್' ಅಂದರೆ ಕತ್ತರಿಸು. ಹೆಸರು ಸುಮ್ಮನೆ ಬಂದದ್ದಲ್ಲ. ಹುಬ್ಬಿನ ಮೇಲೆ ಚರ್ಮ ತೆಳು, ಕೆಳಗೆ ಎಲುಬು ಗಟ್ಟಿ. ಎರಡು ಎಲುಬಿನ ನಡುವೆ ಸಿಕ್ಕ ಚರ್ಮ ಕುಡುಗೋಲು ತಾಗಿದ ಹಾಗೆ ಸೀಳುತ್ತದೆ. ಹುಬ್ಬಿನ ರಕ್ತ ಕಣ್ಣಿಗೆ ಇಳಿದರೆ ಆಟಗಾರ ಎಷ್ಟೇ ಗಟ್ಟಿಗನಾದರೂ ವೈದ್ಯರು ಆಟ ನಿಲ್ಲಿಸಬಹುದು. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಮುಗಿಯುತ್ತದಲ್ಲ, ಅದೇ ಜಾತಿಯ ಮುಕ್ತಾಯ ಇದು.

ಹಾಗಾಗಿಯೇ ಹೆಚ್ಚಿನ ಆಟಗಳು ಮೊಳಕೈಯನ್ನು ಹೊರಗಿಟ್ಟಿವೆ. ಬಾಕ್ಸಿಂಗ್‌ನಲ್ಲಿ ಅದು ಫೌಲ್. ನಮ್ಮ ಭಾಗದ ಗರಡಿಮನೆ ಕುಸ್ತಿಯಲ್ಲಂತೂ ಯಾವ ಹೊಡೆತಕ್ಕೂ ಜಾಗವಿಲ್ಲ. ಮುಜುಗರ ಇರುವುದು ನಮ್ಮ ಕರಾಟೆಯಲ್ಲಿ. ನಮ್ಮ ಶೋಟೋಕಾನ್ ಶೈಲಿಯ ಕತಾಗಳಲ್ಲಿ, ಅಂದರೆ ಒಬ್ಬರೇ ಮಾಡುವ ಹೆಜ್ಜೆ-ಹೊಡೆತಗಳ ಸರಣಿಗಳಲ್ಲಿ, 'ಎಂಪಿ' ಎಂದು ಮೊಳಕೈ ಹೊಡೆತವನ್ನು ಮಕ್ಕಳಿಗೆ ನೂರಾರು ಸಲ ಮಾಡಿಸುತ್ತೇವೆ, ಸ್ಪರ್ಧೆಯ ಕುಮಿತೆಗೆ, ಅಂದರೆ ಇಬ್ಬರು ಎದುರುಬದುರಾಗಿ ಆಡುವ ಕಾಳಗಕ್ಕೆ, ಇಳಿಸುವಾಗ ಅದನ್ನು ಮುಟ್ಟಬೇಡಿ ಅನ್ನುತ್ತೇವೆ. ಮೊಳಕೈಗೆ ಬೆಲ್ಲ ಹಚ್ಚಿದ ಹಾಗೆ. ಆದರೂ ಈ ನಿಷೇಧ ನನಗೆ ಒಪ್ಪಿಗೆ. ನಮ್ಮಲ್ಲಿ ಮಕ್ಕಳು ಮೊಳಕೈ ಹೊಡೆಯುವುದು ಪ್ಯಾಡಿಗೆ ಮಾತ್ರ, ಗೆಳೆಯನ ಮುಖದ ಮುಂದೆ ಅಲ್ಲ. ದೊಡ್ಡವರ ಹವ್ಯಾಸಿ ಮುಯೆ ಥಾಯ್‌ನಲ್ಲೂ ಮೊಳಕೈಗೆ ಪ್ಯಾಡು ಕಟ್ಟಿಯೇ ಇಳಿಸುತ್ತಾರೆ.

ಎಲ್ಲ ನಿಯಮಕ್ಕೂ ಇಷ್ಟು ಗಟ್ಟಿ ಕಾರಣ ಇರುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಮಿಶ್ರ ಸಮರಕಲೆಯಲ್ಲಿ, ಎಂಎಂಎ ಅಂತೀವಲ್ಲ, ಅಡ್ಡ ಮೊಳಕೈ ನಡೆಯುತ್ತಿತ್ತು, ನೆಟ್ಟಗೆ ಮೇಲಿನಿಂದ ಕೆಳಕ್ಕೆ ಬೀಳುವುದು ಮಾತ್ರ ನಡೆಯುತ್ತಿರಲಿಲ್ಲ. ಗಡಿಯಾರದ ಹನ್ನೆರಡರಿಂದ ಆರಕ್ಕೆ ಇಳಿದಂತೆ ಇರುವುದರಿಂದ ಅದಕ್ಕೆ ಹನ್ನೆರಡು-ಆರು ಎಂದೇ ಹೆಸರು. ಟಿವಿಯಲ್ಲಿ ಕರಾಟೆಯವರು ಮೊಳಕೈಯಿಂದ ಇಟ್ಟಿಗೆ ಒಡೆಯುವುದನ್ನು ನೋಡಿ ಅಧಿಕಾರಿಗಳು ಗಾಬರಿಯಾದರು ಎಂದು ಹಳೆಯ ರೆಫರಿ ಜಾನ್ ಮೆಕಾರ್ಥಿ ಹೇಳುತ್ತ ಬಂದಿದ್ದಾರೆ. ನಾನೂ ಹರೆಯದಲ್ಲಿ ಇಟ್ಟಿಗೆ, ಹೆಂಚು ಒಡೆದವನೇ. ನಮ್ಮಂಥವರ ಜಂಬದಿಂದ ಎಲ್ಲೋ ಒಂದು ಕಾನೂನು ಹುಟ್ಟಿತು ಅಂದರೆ ನಗು ಬರುತ್ತದೆ. 2009ರ ಡಿಸೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ ಮ್ಯಾಟ್ ಹ್ಯಾಮಿಲ್‌ನನ್ನು ಕೆಡವಿ ಗೆಲ್ಲುವ ಅಂಚಿನಲ್ಲಿದ್ದ ಎಂಎಂಎ ಆಟಗಾರ ಜಾನ್ ಜೋನ್ಸ್ ಇದೇ ಹೊಡೆತಕ್ಕೆ ಅನರ್ಹನಾದ. ಅವನ ದಾಖಲೆಯಲ್ಲಿರುವ ಒಂದೇ ಸೋಲು ಅದು. ಕೊನೆಗೆ 2024ರ ಜುಲೈಯಲ್ಲಿ ಅಲ್ಲಿ ಈ ಆಟದ ಮೇಲ್ವಿಚಾರಣೆ ನೋಡುವ ಆಯೋಗಗಳ ಒಕ್ಕೂಟ ಈ ನಿಷೇಧ ಕೈಬಿಟ್ಟಿತು, ನವೆಂಬರ್ 1ರಿಂದ ಬದಲಾವಣೆ ಜಾರಿಗೆ ಬಂತು. ಜೋನ್ಸ್‌ನ ಸೋಲು ಮಾತ್ರ ಹಾಗೇ ಉಳಿದಿದೆ.

ಆ ಹುಡುಗಿಗೆ ಇದ್ಯಾವುದನ್ನೂ ಹೇಳಲಿಲ್ಲ. ಹಿಂದಕ್ಕೆ ಹೊಡೆಯುವ ಮೊಳಕೈ ಒಂದನ್ನೇ ತೋರಿಸಿದೆ. ಕೈ ಮುಂದೆ ಚಾಚು, ಪಕ್ಕೆಗೆ ಒರೆಸಿಕೊಂಡು ಹಿಂದಕ್ಕೆ ಎಳೆ, ಹಿಂದಿನವನ ಪಕ್ಕೆಲುಬಿಗೆ ತಾಗಿಸು, ಕೂಗು, ಜಾಗ ಬಿಟ್ಟು ಸರಿ. ಎರಡು ತಿಂಗಳು ಪ್ಯಾಡಿಗೆ ಹೊಡೆದಳು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಕೇಳಿದೆ, ಬಸ್ಸಿನಲ್ಲಿ ಉಪಯೋಗಕ್ಕೆ ಬಂತೇನಮ್ಮ ಅಂತ.

"ಹೊಡಿಲಿಲ್ರಿ ಸರ. ಸೊಂಟದ ಮ್ಯಾಲ ಕೈ ಇಟ್ಟು ಮೊಳಕೈ ಹೊರಗ ಮಾಡಿ ನಿಂತೀನಿ, ಅಷ್ಟ. ಸುತ್ತ ಒಂದ್ ಮೊಳ ಜಾಗ ತಾನ ಆಯ್ತು. ಕಂಡಕ್ಟರ್ ಒಬ್ಬಾಂವ ಬೈದಾನ್ರಿ, ಟಿಕೆಟ್ ಕೊಡಲಿಕ್ಕಿ ದಾಟಾಕ ಬರವಲ್ದು ಅಂತ."