ಮೂರನೇ ಟಿಕೆಟ್ ಈಗಲೇ ಬೇಡ

ನಮಸ್ಕಾರ. ಇವತ್ತಿನ ಮಾತು ದುಬೈ, ಕುವೈತ್, ಮಸ್ಕತ್, ಲಂಡನ್ ಅಂತ ಹೊರಗೆ ಇದ್ದು ಭಾರತದಿಂದ ಮಗುವನ್ನು ದತ್ತು ತೆಗೊಳ್ಳುವ ನಮ್ಮೂರಿನವರಿಗೆ. ಅವರನ್ನು ಕರೆತರಲಿಕ್ಕೆ ಬಜಪೆ ಏರ್‌ಪೋರ್ಟಿಗೆ ಕಾರು ತೆಗೊಂಡು ಹೋಗುವ ಮಾವ-ಭಾವಂದಿರೂ ಕೇಳಿ, ನಿಮ್ಮ ವಿಷಯವೂ ಉಂಟು.

ಕಾರಾದಲ್ಲಿ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ, ಹೆಸರು ನೋಂದಾಯಿಸಿ ಕಾದು ಕಾದು ಒಂದು ದಿನ ಮಗುವಿನ ವಿವರ ಬರ್ತದೆ. ಗಲ್ಫಿನವರು ಕೂಡಲೇ ಎಂತ ಮಾಡ್ತಾರೆ? ರಜೆ ಲೆಕ್ಕ. 30 ದಿನ ಉಂಟು, ಹೋಗುವಾಗ ಇಬ್ಬರು, ಬರುವಾಗ ಮೂವರು, ನಡುವೆ ಕಟೀಲಿಗೊಂದು ಹೋಗಿ ಬಂದರಾಯ್ತು. ಈ ಲೆಕ್ಕ ತಪ್ಪು. ಇದು ಎರಡು ಪ್ರಯಾಣದ ಕೆಲಸ. ಮೊದಲ ಸಲ ಹೋಗುವುದು ಮಗು ನಿಮ್ಮನ್ನು ನೋಡಲಿ ಅಂತ. ಕರ್ಕೊಂಡು ಬರುವುದು ಎರಡನೇ ಸಲ.

ಯಾಕೆ ಅಂದರೆ ಕಾಗದದ ದಾರಿ ಅಷ್ಟು ಉದ್ದ. ಮಗುವಿನ ಎರಡು ರಿಪೋರ್ಟಿಗೆ, ಒಂದು ಹಿನ್ನೆಲೆಯದ್ದು, ಒಂದು ಮೆಡಿಕಲ್, ಸಹಿ ಹಾಕಿ ಒಪ್ಪಿಗೆ ಕೊಡಲಿಕ್ಕೆ 30 ದಿನ. ಆಮೇಲೆ ಕಾರಾದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ. ಆಮೇಲೆ ದತ್ತು ಸಂಸ್ಥೆ ಆ ಜಿಲ್ಲೆಯ ಡಿಸಿಗೆ ಅರ್ಜಿ ಹಾಕ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಡಿಸಿ, ಕೋರ್ಟ್ ಅಲ್ಲ. ಕಾನೂನು ಕೊಟ್ಟ ಅವಧಿಯೇ ಎರಡು ತಿಂಗಳು. ಅದರ ನಂತರ ಹೊಸ ಬರ್ತ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ವೀಸಾ. ಬ್ರಿಟನ್‌ನ ಹಾಗೆ, ದೇಶ-ದೇಶಗಳ ನಡುವಿನ ದತ್ತಿನ ಬಗ್ಗೆ ಇರುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಲ್ಲಿನ ಸರ್ಕಾರದ ಒಪ್ಪಿಗೆ ಪತ್ರವೂ, ದತ್ತು ಆ ಒಪ್ಪಂದದ ಪ್ರಕಾರವೇ ಆಗಿದೆ ಅನ್ನುವ ಕಾರಾದ ಕನ್‌ಫರ್ಮಿಟಿ ಸರ್ಟಿಫಿಕೇಟೂ ಬೇಕು. ಭಾರತ ಆ ಒಪ್ಪಂದವನ್ನು ಒಪ್ಪಿದ್ದು 2003ರಲ್ಲಿ. ಗಲ್ಫ್ ದೇಶಗಳು ಅದರಲ್ಲಿ ಇಲ್ಲ, ಹಾಗಾಗಿ ಅಲ್ಲಿರುವ ನಮ್ಮವರ ಹೋಮ್ ಸ್ಟಡಿ (ಮನೆ, ಸಂಸಾರ ಹೇಗುಂಟು ಅಂತ ನೋಡಿ ಬರೆಯುವ ವರದಿ) ಮಾಡಿಸುವುದು, ಕಾಗದ ಕಳಿಸುವುದು ಎಲ್ಲ ಭಾರತೀಯ ರಾಯಭಾರ ಕಚೇರಿಯ ಮೂಲಕ. 30 ದಿನದ ರಜೆಯಲ್ಲಿ ಇದು ಮುಗಿಯುವ ಹಾಡಲ್ಲ.

ಇನ್ನೊಂದು: ಮಂಗಳೂರಿನವರಿಗೆ ಮಂಗಳೂರಿನ ಮಗುವೇ ಸಿಗ್ತದೆ ಅಂತ ಇಲ್ಲ. ಮಗು ಒಡಿಶಾದ ಯಾವುದೋ ಜಿಲ್ಲೆಯಲ್ಲಿ ಇರಬಹುದು. ಬಜಪೆಗೆ ಟಿಕೆಟ್ ಮಾಡುವ ಮೊದಲು ಸಂಸ್ಥೆ ಎಲ್ಲುಂಟು ಅಂತ ನೋಡಿ.

ಹೊರಡುವ ಮೊದಲೇ ಮುಗಿಸಬೇಕಾದದ್ದು ಮೆಡಿಕಲ್ ರಿಪೋರ್ಟ್ ಓದಿಸುವುದು. ಸಹಿ ಹಾಕುವ ಮೊದಲು ನಿಮಗೆ ಬೇಕಾದ ಡಾಕ್ಟರಿಗೆ ತೋರಿಸಬಹುದು. ನಮ್ಮ ಜಿಲ್ಲೆಗಳಲ್ಲಿ ಮಕ್ಕಳ ಡಾಕ್ಟರಿಗೆ ಬರ ಇಲ್ಲ. ಮಣಿಪಾಲ, ದೇರಳಕಟ್ಟೆ, ಕಂಕನಾಡಿ, ಎಲ್ಲಿಯಾದರೂ ಸರಿ, ಮಕ್ಕಳ ಬೆಳವಣಿಗೆ ನೋಡುವವರನ್ನೇ ಹಿಡಿಯಿರಿ. ರಿಪೋರ್ಟ್‌ನಲ್ಲಿ ತೂಕ 8 ಕೆಜಿ ಅಂತ ಒಂದು ಅಂಕಿ ಇದ್ದರೆ ಅದರಿಂದ ಎಂತದೂ ಗೊತ್ತಾಗುವುದಿಲ್ಲ. ತೂಕ, ಉದ್ದ, ತಲೆಯ ಸುತ್ತಳತೆ, ಈ ಮೂರೂ ಬೇರೆ ಬೇರೆ ತಾರೀಕಿನಲ್ಲಿ ಅಳೆದದ್ದು ಬೇಕು. ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗ್ತಾ ಉಂಟಾ, ಒಂದೇ ಕಡೆ ನಿಂತಿದೆಯಾ ಅಂತ ಡಾಕ್ಟರು ಆಗ ಹೇಳ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಪ್ರಾಯವನ್ನು ಅಷ್ಟು ತಿಂಗಳು ಕಡಿಮೆ ಮಾಡಿ ನೋಡಬೇಕು. ಎಚ್‌ಐವಿ ಆ್ಯಂಟಿಬಾಡಿ ಪಾಸಿಟಿವ್ ಅಂತ ಇದ್ದರೆ ಕೂಡಲೇ ಕೈ ಬಿಡಬೇಡಿ. 18 ತಿಂಗಳ ಒಳಗಿನ ಮಗುವಿನ ರಕ್ತದಲ್ಲಿ ತಾಯಿಯ ಆ್ಯಂಟಿಬಾಡಿ ಇನ್ನೂ ಇರಬಹುದು; ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಮಾತ್ರ ನಿಜ ಗೊತ್ತಾಗುವುದು. ಒಡಿಶಾ, ಛತ್ತೀಸಗಢ ಕಡೆಯ ಮಗುವಾದರೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಪರೀಕ್ಷೆ ಕೇಳಿ. ಮಾತು ತಡ ಅಂತ ಬರೆದಿದ್ದರೆ ಮೊದಲು ಕಿವಿ ಕೇಳ್ತದಾ ಅಂತ ನೋಡುವ ಬೇರಾ (BERA) ಪರೀಕ್ಷೆ ಕೇಳಿ. ಹತ್ತು ಮಕ್ಕಳಿಗೆ ಒಬ್ಬ ಆಯಾ ಇರುವಲ್ಲಿ ಮಾತು ತಡವಾಗುವುದು ಹೊಸತಲ್ಲ, ಆದರೆ ಎಲ್ಲ ತಡವೂ ಅದರಿಂದಲೇ ಅಂತ ತಳ್ಳಿ ಹಾಕುವ ಹಾಗೂ ಇಲ್ಲ.

ಈಗ ಭೇಟಿ. ಒಪ್ಪಿಗೆ ಮಂಜೂರಾದ ಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ನೋಡಬಹುದು. ಒಂದೇ ದಿನ ಆರು ಗಂಟೆ ಕೂತುಕೊಳ್ಳುವುದಕ್ಕಿಂತ ನಾಲ್ಕೈದು ದಿನ, ದಿನಕ್ಕೆ ಒಂದು ಗಂಟೆ ಒಳ್ಳೆಯದು. ಮಗುವಿನ ಊಟ, ನಿದ್ದೆಯ ಸಮಯ ಕೇಳಿಕೊಂಡು ಹೋಗಿ. ಮಧ್ಯಾಹ್ನ ನಿದ್ದೆಯಿಂದ ಎಬ್ಬಿಸಿ ತಂದ ಮಗು ಯಾರ ಹತ್ತಿರ ನಗ್ತದೆ ಮಾರಾಯ್ರೆ? ಸೆಂಟ್ ಹಾಕಬೇಡಿ. ನೆಲದಲ್ಲಿ ಕೂತುಕೊಳ್ಳಿ, ಎತ್ತಿಕೊಳ್ಳಲಿಕ್ಕೆ ಅವಸರ ಮಾಡಬೇಡಿ, ಆಯಾ ಪಕ್ಕದಲ್ಲೇ ಇರಲಿ.

ಮಗು ನಿಮ್ಮನ್ನು ನೋಡಿ ಆಯಾನ ಸೆರಗು ಹಿಡಿದು ಅತ್ತರೆ ಬೇಜಾರು ಮಾಡಬೇಡಿ. ತನ್ನವರು ಯಾರು ಅಂತ ಅದಕ್ಕೆ ಗೊತ್ತುಂಟು. ಒಬ್ಬರನ್ನು ಹಚ್ಚಿಕೊಂಡ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ತದೆ. ಎರಡು-ಮೂರು ವರ್ಷದ ಮಗು ಮೊದಲ ನಿಮಿಷವೇ ಓಡಿ ಬಂದು ಮಡಿಲಲ್ಲಿ ಕೂತರೆ ನಮ್ಮವರು ಋಣಾನುಬಂಧ ಅಂತ ಕಣ್ಣೀರು ಹಾಕ್ತಾರೆ. ಅದೇ ಮಗು ಹಾಲಿನವನ ಹತ್ತಿರವೂ, ಕರೆಂಟ್ ಬಿಲ್ ತರುವವನ ಹತ್ತಿರವೂ ಹಾಗೇ ಹೋಗ್ತದಾ ಅಂತ ಒಮ್ಮೆ ಗಮನಿಸಿ. ಹೋದರೆ, ಅದಕ್ಕೆ ನಿತ್ಯ ಒಬ್ಬರು ಅಂತ ಯಾರೂ ಸಿಕ್ಕಿಲ್ಲ ಅಂತ ಅರ್ಥ ಇರಬಹುದು. ಇಂಥ ಮಗುವಿಗೇ ಮನೆಗೆ ಬಂದ ಮೇಲೆ ಹೆಚ್ಚು ಸಮಯ ಬೇಕಾಗುವುದು.

ಭಾಷೆ ಗೊತ್ತಿಲ್ಲದಿದ್ದರೆ ಹತ್ತು ಶಬ್ದ ಕಲಿತು ಹೋಗಿ. ಒಡಿಶಾದ ಮಗುವಾದರೆ ಪಾಣಿ ಅಂದರೆ ನೀರು, ಭೋಕ ಅಂದರೆ ಹಸಿವು, ನಿದ ಅಂದರೆ ನಿದ್ದೆ, ಡರ ಅಂದರೆ ಹೆದರಿಕೆ. ತುಳು, ಕೊಂಕಣಿ, ಕನ್ನಡ ಎಲ್ಲ ಆಮೇಲೆ ತನ್ನಷ್ಟಕ್ಕೆ ಬರ್ತದೆ. ಬರುವಾಗ ನೀವು ಎರಡು-ಮೂರು ರಾತ್ರಿ ಹೊದ್ದು ಮಲಗಿದ ಹಳೆಯ ಲುಂಗಿಯದ್ದೋ ಸೀರೆಯದ್ದೋ ತುಂಡು ಬಿಟ್ಟು ಬನ್ನಿ, ಒಗೆಯಬೇಡಿ ಅಂತ ಆಯಾನಿಗೆ ಹೇಳಿ. ನಿಮ್ಮಿಬ್ಬರದು, ಮನೆಯದು, ಮಲಗುವ ಕೋಣೆಯದು, ಹೀಗೆ ನಾಲ್ಕು ಫೋಟೋ ಲ್ಯಾಮಿನೇಟ್ ಮಾಡಿ ಕೊಡಿ. ಚಾಕಲೇಟ್ ಒಂದೇ ಮಗುವಿಗೆ ಕೊಡಬೇಡಿ, ಬಾಕಿ ಮಕ್ಕಳು ಅಲ್ಲೇ ನೋಡ್ತಾ ಇರ್ತಾರೆ. ಹೊರಡುವಾಗ ಕದ್ದು ಜಾರಬೇಡಿ. ಹೋಗ್ತೇವೆ, ಬರ್ತೇವೆ ಅಂತ ಹೇಳಿಯೇ ಹೊರಡಿ, ಅತ್ತರೂ ಸರಿ.

ಇನ್ನು ಮಾವ-ಭಾವಂದಿರು. "ಬಾಲೆ ಎಂಚ ಉಂಡು?", ಮಗು ಹೇಗುಂಟು ಅಂತ ಕೇಳಿ, ತೊಂದರೆ ಇಲ್ಲ. ಫೋಟೋ ಕೇಳಬೇಡಿ. ಮಗುವಿನ ಗುರುತು ಬಯಲು ಮಾಡುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಉಂಟು. ಆದೇಶ ಬರುವ ಮೊದಲು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೋ ಹಾಕಿ ಆಶೀರ್ವಾದ ಬೇಡುವುದು ಯಾಕೆ ಬೇಕು? ಮತ್ತೆ, "ಇಷ್ಟೆಲ್ಲ ಯಾಕೆ, ಗುರ್ತದ ಒಬ್ಬರಿದ್ದಾರೆ, ಆಸ್ಪತ್ರೆಯಿಂದಲೇ ಕೊಡಿಸ್ತೇನೆ" ಅನ್ನುವವರನ್ನು ಅಂಗಳಕ್ಕೂ ಸೇರಿಸಬೇಡಿ. ಅದು ಮೂರು ವರ್ಷದವರೆಗೆ ಜೈಲಿನ ವಿಷಯ, ದುಡ್ಡು ಕೈ ಬದಲಾದರೆ ಐದು.

ಎರಡನೇ ಪ್ರಯಾಣದ ತಯಾರಿ ಹೆಸರಿನಿಂದ ಶುರುವಾಗಬೇಕು. ಮದುವೆ ಸರ್ಟಿಫಿಕೇಟ್‌ನಲ್ಲಿ ಡಿಸೋಜಕ್ಕೆ ಇಂಗ್ಲಿಷಿನಲ್ಲಿ ಮೇಲೊಂದು ಚುಕ್ಕೆ, ಪಾಸ್‌ಪೋರ್ಟಿನಲ್ಲಿ ಚುಕ್ಕೆ ಇಲ್ಲ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಇಡೀ ಹೆಸರು. ಡಿಸಿ ಆದೇಶದಲ್ಲಿ ಬಂದ ಅಕ್ಷರವೇ ಬರ್ತ್ ಸರ್ಟಿಫಿಕೇಟಿಗೂ ಪಾಸ್‌ಪೋರ್ಟಿಗೂ ಇಳಿದು ಬರ್ತದೆ, ಹಾಗಾಗಿ ಅರ್ಜಿ ಹಾಕುವಾಗಲೇ ನಿಮ್ಮ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ. ಮಗುವಿನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ತಕರಾರು ಮಾಡ್ತದೆ. ದತ್ತು ಮಗುವಿಗೆ ರೆಸಿಡೆನ್ಸ್ ವೀಸಾ ಮಾಡಲಿಕ್ಕೆ ಯಾವ ಕಾಗದ, ಎಲ್ಲೆಲ್ಲಿ ಅಟೆಸ್ಟೇಶನ್ ಅಂತ ನಿಮ್ಮ ಕಂಪನಿಯಲ್ಲಿ ವೀಸಾ ಕೆಲಸ ನೋಡುವ ಪಿಆರ್‌ಒ ಹತ್ತಿರ ಮೊದಲ ಪ್ರಯಾಣಕ್ಕೂ ಮುಂಚೆಯೇ ಬರೆಸಿಕೊಳ್ಳಿ. ಗಲ್ಫಿನ ಕಾನೂನಿನಲ್ಲಿ ದತ್ತು ಅನ್ನುವ ಶಬ್ದಕ್ಕೆ ನಾವು ಕೊಡುವ ಅರ್ಥವೇ ಇರಬೇಕು ಅಂತ ಇಲ್ಲ.

ಎನ್‌ಒಸಿ ಬಂದ ಮೇಲೆ, ಆದೇಶ ಬರುವ ತನಕ ಮಗುವನ್ನು ಫಾಸ್ಟರ್ ಕೇರ್, ಅಂದರೆ ತಾತ್ಕಾಲಿಕ ಪಾಲನೆಯ ಲೆಕ್ಕದಲ್ಲಿ ನಿಮ್ಮ ಕೈಗೆ ಕೊಡುವ ಅವಕಾಶ ಉಂಟು, ಭಾರತದ ಒಳಗೆ ಮಾತ್ರ. ಇಬ್ಬರಲ್ಲಿ ಒಬ್ಬರು ಸಂಬಳ ಇಲ್ಲದ ರಜೆ ಹಾಕಿಯಾದರೂ ಆ ಸಮಯದಲ್ಲಿ ಉಡುಪಿಯ ಮನೆಯಲ್ಲಿ ಮಗುವಿನ ಜೊತೆ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲ ವಾರ ಸಂಸ್ಥೆಯಲ್ಲಿ ಕೊಡುತ್ತಿದ್ದ ಅನ್ನ, ಬೇಳೆಯನ್ನೇ ಕೊಡಿ. ಮೀನು ಸಾರು, ಕೋರಿ ರೊಟ್ಟಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಮೂರನೇ ಟಿಕೆಟ್ ಮಾಡುವುದು ಪಾಸ್‌ಪೋರ್ಟೂ ವೀಸಾವೂ ಕೈಗೆ ಬಂದ ಮೇಲೆ. ಆಗಲೂ ಪ್ರಯಾಣದ ದಿನ ಮಗುವಿಗೆ ಎರಡು ವರ್ಷ ತುಂಬಿರ್ತದಾ ಅಂತ ನೋಡಿಕೊಳ್ಳಿ. ತುಂಬಿದರೆ ಮಡಿಲ ಟಿಕೆಟ್ ನಡೆಯುವುದಿಲ್ಲ, ಸೀಟೇ ಬೇಕು.