ನಮ್ಮ ಪಾರ್ಕಿನ ಮಾಲಿ ಎಲ್ಲಿ?

ನಮಸ್ಕಾರ. ನಿಮ್ಮ ಬಡಾವಣೆಯ ಪಾರ್ಕಿನ ಮಾಲಿಯ ಹೆಸರೇನು? ಪಾರ್ಕನ್ನು ಉದ್ಘಾಟಿಸಿದವರ ಹೆಸರು ಗೇಟಿನ ಪಕ್ಕದ ಕಲ್ಲಿನಲ್ಲಿ ಕೆತ್ತಿರುತ್ತದೆ. ನಾನು ಕೇಳುತ್ತಿರುವುದು ಗಿಡಕ್ಕೆ ನೀರು ಬಿಡುವ, ಒಣಗಿದ ರೆಂಬೆಯನ್ನು ಕತ್ತರಿಸುವ, ಜೋಕಾಲಿಯ ಸರಪಳಿ ಸವೆದಿದೆ ಎಂದು ಎಲ್ಲರಿಗಿಂತ ಮೊದಲು ಗಮನಿಸಬೇಕಾದ ಮನುಷ್ಯನ ಹೆಸರು. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಕಡಿಮೆ. ಆ ಮನುಷ್ಯ ವಾರಕ್ಕೊಮ್ಮೆ ಬಂದು ಹೋಗುತ್ತಾನೋ, ನಾಲ್ಕು ಪಾರ್ಕುಗಳಿಗೆ ಅವನೊಬ್ಬನೇ ಇದ್ದಾನೋ, ಅಥವಾ ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದಾನೋ ನಮಗೆ ತಿಳಿಯದು. ನಮ್ಮ ಊರಿನ ಪಾರ್ಕುಗಳು ಕೆಡುವುದು ಇಲ್ಲಿಂದಲೇ ಎಂದು ನನ್ನ ನಂಬಿಕೆ. ಇವತ್ತಿನ ಮಾತು ಅದರ ಬಗ್ಗೆಯೇ.

ಪಾರ್ಕು ಎಂದ ಕೂಡಲೇ ನಾವು ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕಿನ ಮಾತಿಗೆ ಹೋಗುತ್ತೇವೆ. ಒಂದು ಹೈದರಾಲಿಯ ಕಾಲದ್ದು, ಇನ್ನೊಂದು 1870ರದ್ದು. ಎರಡನ್ನೂ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆ. ಅವುಗಳ ರಕ್ಷಣೆಗೆ 1975ರ ಕಾಯ್ದೆ ಇದೆ, ಅಲ್ಲಿ ಒಂದು ಮರ ಬಿದ್ದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ನಾನು ಹೇಳುತ್ತಿರುವುದು ಪಾಲಿಕೆಯ ಸುಪರ್ದಿಯಲ್ಲಿರುವ ಸಾವಿರಕ್ಕೂ ಹೆಚ್ಚಿನ ಸಣ್ಣ ಪಾರ್ಕುಗಳ ಬಗ್ಗೆ. ಕೆಲವು ಅರ್ಧ ಎಕರೆಯೂ ಇಲ್ಲ. ನಾಲ್ಕು ರಸ್ತೆಗಳ ನಡುವೆ ಸಿಕ್ಕಿಕೊಂಡ ತ್ರಿಕೋನಗಳೂ ಇವೆ. ಮಂಡಿನೋವಿನ ಅಜ್ಜಿಯೊಬ್ಬರು ಲಾಲ್‌ಬಾಗಿಗೆ ದಿನಾ ಬಸ್ ಹತ್ತಿ ಹೋಗಲಾರರು. ಅವರಿಗೆ ಮನೆಯಿಂದ ಇನ್ನೂರು ಹೆಜ್ಜೆ ದೂರದ ಆ ತ್ರಿಕೋನವೇ ಲಾಲ್‌ಬಾಗ್.

ಈ ಜಾಗಗಳು ಯಾರೋ ದಯೆಯಿಂದ ಕೊಟ್ಟವಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡುವಾಗ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇಕಡಾ 10 ನಾಗರಿಕ ಸೌಲಭ್ಯಕ್ಕೆ ಬಿಡಬೇಕೆಂದು ಅದರ ಕಾಯ್ದೆಯೇ ಹೇಳುತ್ತದೆ. ಹಾಗೆ ಬಿಟ್ಟ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬಾರದು ಎಂಬುದೂ ಅದರಲ್ಲೇ ಇದೆ. ಈ ಮಾತಿಗೆ ಬಲ ಬಂದದ್ದು ಸದಾಶಿವನಗರದ ಭಾಗದ ಒಂದು ಪ್ರಕರಣದಿಂದ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಗುರುತಿಸಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಸೂಚನೆಯ ಮೇರೆಗೆ ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟರು. ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಬೇಡವೆಂದಲ್ಲ, ಪಾರ್ಕಿಗೆಂದು ಮೀಸಲಿಟ್ಟ ನೆಲವನ್ನು ಅಧಿಕಾರದಲ್ಲಿರುವವರು ಮನಸ್ಸಿಗೆ ಬಂದಂತೆ ಇನ್ನೊಬ್ಬರಿಗೆ ಬರೆದುಕೊಡುವಂತಿಲ್ಲ ಎಂದಿತು. ಇವತ್ತಿಗೂ ದೇಶದ ಬೇರೆ ಬೇರೆ ಊರುಗಳ ಜನ ತಮ್ಮ ಮೈದಾನ ಉಳಿಸಿಕೊಳ್ಳಲು ಈ ತೀರ್ಪನ್ನು ಹಿಡಿದುಕೊಂಡು ಹೋಗುತ್ತಾರೆ. ನಮ್ಮ ಊರಿನ ಜನ ಗೆದ್ದುಕೊಟ್ಟ ತೀರ್ಪು ಅದು ಎಂಬ ಹೆಮ್ಮೆ ನನಗಿದೆ.

ನೆಲ ಉಳಿಸಿಕೊಳ್ಳಲು ಕಾನೂನು ಹೀಗೆ ಕೈ ಹಿಡಿಯುತ್ತದೆ. ಬೇಲಿಯ ಒಳಗೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಹೇಳುವವರು ಕೇಳುವವರು ಇಲ್ಲ.

ಒಂದು ಹೊಂಗೆ ಮರದ ಬುಡವನ್ನು ನೋಡೋಣ. ಪಾರ್ಕಿನ 'ಅಭಿವೃದ್ಧಿ' ಮುಗಿದು ಆರು ತಿಂಗಳಾಗಿದೆ. ಮೊದಲು ಮರದ ಸುತ್ತ ಮಣ್ಣಿತ್ತು, ತರಗೆಲೆ ಇತ್ತು, ಮಕ್ಕಳು ಅಲ್ಲಿ ಕುಳಿ ತೋಡಿ ಗೋಲಿ ಆಡುತ್ತಿದ್ದರು. ಈಗ ಕಾಂಡದ ತನಕ ಕೆಂಪು ಮತ್ತು ಬೂದು ಬಣ್ಣದ ಪೇವರ್ ಬ್ಲಾಕ್ ಹಾಸಿದ್ದಾರೆ. ಅದರ ಅಡಿಯಲ್ಲಿ ಜಲ್ಲಿಪುಡಿಯನ್ನು ದಮ್ಮಸ್ಸು ಮಾಡಿದ್ದಾರೆ. ಬೇರಿಗೆ ಗಾಳಿ ಹೋಗದು, ಮಳೆನೀರು ಇಂಗದು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಬೇರು ಕಲ್ಲನ್ನು ಎತ್ತುತ್ತದೆ, ಅಲ್ಲಿ ಹಿರಿಯರು ಎಡವಿ ಬೀಳುತ್ತಾರೆ. ಆಗ ಮತ್ತೊಂದು ಅಂದಾಜುಪಟ್ಟಿ, ಮತ್ತೊಂದು ಟೆಂಡರ್. ಇನ್ನೊಂದು ಮೂಲೆಯಲ್ಲಿ ಕಾರಂಜಿ ನಿಂತು ವರ್ಷಗಳಾಗಿವೆ. ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳಿವೆ. ಪಕ್ಕದ ಶೌಚಾಲಯಕ್ಕೆ ಬೀಗ ಬಿದ್ದಿದೆ, ಬೀಗದ ಕೈ ಯಾರ ಬಳಿ ಇದೆಯೆಂದು ಕಾವಲುಗಾರನಿಗೂ ಗೊತ್ತಿಲ್ಲ. ಕುಡಿಯುವ ನೀರಿನ ನಲ್ಲಿಯ ತಿರುಪು ಯಾವಾಗಲೋ ಹೋಗಿದೆ. ಈ ಪಾರ್ಕು ಯಾವ ಬಡಾವಣೆಯದು ಎಂದು ನಾನು ಹೇಳಬೇಕಾಗಿಲ್ಲ, ನಿಮ್ಮಲ್ಲಿ ಹಲವರು ಇಂದು ಬೆಳಿಗ್ಗೆಯೇ ಇದನ್ನು ನೋಡಿ ಬಂದಿದ್ದೀರಿ.

ಹೀಗೇಕಾಗುತ್ತದೆ? ಭ್ರಷ್ಟಾಚಾರ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಕಚೇರಿಯ ಕೆಲಸ ನಡೆಯುವ ರೀತಿಯನ್ನು ಗಮನಿಸಿದರೆ ಪ್ರಾಮಾಣಿಕ ಎಂಜಿನಿಯರ್ ಕೂಡ ಕಲ್ಲನ್ನೇ ಹಾಸುತ್ತಾನೆ ಎಂಬುದು ಗೊತ್ತಾಗುತ್ತದೆ. ಯಾವುದೇ ಕಾಮಗಾರಿಯ ಬಿಲ್ಲು ಪಾಸಾಗಬೇಕಾದರೆ ಮಾಡಿದ ಕೆಲಸವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಬೇಕು. ಪೇವರ್ ಬ್ಲಾಕನ್ನು ಚದರ ಮೀಟರಿನಲ್ಲಿ ಅಳೆಯಬಹುದು. ಕಬ್ಬಿಣದ ಬೇಲಿಯನ್ನು ಕಿಲೋ ಲೆಕ್ಕದಲ್ಲಿ ಬರೆಯಬಹುದು. ಬೇಸಿಗೆಯಲ್ಲಿ ಮೂರು ತಿಂಗಳು ಸಸಿಗಳಿಗೆ ತಪ್ಪದೆ ನೀರು ಹಾಕಿ ಉಳಿಸಿಕೊಂಡದ್ದನ್ನು ಯಾವ ಪುಟದಲ್ಲಿ ಬರೆಯುವುದು? ಮರದ ನೆರಳನ್ನು ಯಾವ ಲೆಕ್ಕದಲ್ಲಿ ತೋರಿಸುವುದು? ಅಳೆಯಲು ಬರುವ ಕಲ್ಲು, ಕಬ್ಬಿಣ, ಸಿಮೆಂಟುಗಳಿಗೆ ದುಡ್ಡು ಹರಿಯುತ್ತದೆ. ದಿನಾ ಮಾಡಬೇಕಾದ, ಫೋಟೋದಲ್ಲಿ ಕಾಣದ ಕೆಲಸ ವಾರ್ಷಿಕ ನಿರ್ವಹಣಾ ಗುತ್ತಿಗೆಯ ಪಾಲಾಗುತ್ತದೆ. ಆ ಗುತ್ತಿಗೆ ಅತಿ ಕಡಿಮೆ ಬೆಲೆ ನಮೂದಿಸಿದವರಿಗೆ ಸಿಗುತ್ತದೆ. ಆ ಕಡಿಮೆ ಬೆಲೆಯ ಹೊರೆ ಕೊನೆಗೆ ಮಾಲಿಯ ಕೂಲಿಯ ಮೇಲೆಯೇ ಬೀಳುವುದಲ್ಲವೇ? ಇದು ನನಗೆ ಅತ್ಯಂತ ನೋವಿನ ಸಂಗತಿ. ನೂರಾರು ಕುಟುಂಬಗಳಿಗೆ ನೆರಳು ಕೊಡುವ ಜಾಗವನ್ನು ಕಾಯುವವನಿಗೆ ಸರಿಯಾದ ಸಂಬಳವಿಲ್ಲ, ಮಳೆಗೆ ಕೊಡೆಯಿಲ್ಲ, ಊಟಕ್ಕೆ ಕೂರಲು ಒಂದು ಕೋಣೆಯಿಲ್ಲ.

ಇನ್ನೊಂದು ತೊಡಕು, ಹೊಣೆ ಹಂಚಿಹೋಗಿರುವುದು. ಗಿಡ ಮತ್ತು ಹುಲ್ಲು ಪಾಲಿಕೆಯ ತೋಟಗಾರಿಕೆ ವಿಭಾಗದ್ದು. ದೊಡ್ಡ ಮರದ ಕೊಂಬೆ ಅರಣ್ಯ ವಿಭಾಗದ್ದು. ಗೋಡೆ, ಗೇಟು, ನಡಿಗೆಪಥ ಸಿವಿಲ್ ಎಂಜಿನಿಯರುಗಳದ್ದು. ದೀಪ ವಿದ್ಯುತ್ ವಿಭಾಗದ್ದು. ನೀರು ಜಲಮಂಡಳಿಯದ್ದು. ಬಾಗಿದ ಕೊಂಬೆಯೊಂದನ್ನು ತೋರಿಸಿ ದೂರು ಕೊಟ್ಟವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಕಡೆಯ ಪಾರ್ಕೊಂದರಲ್ಲಿ ಕಬ್ಬಿಣದ ಗೇಟು ಕಳಚಿ ಬಿದ್ದು, ಆಡಲು ಹೋಗಿದ್ದ ಶಾಲಾ ಬಾಲಕನೊಬ್ಬ ತೀರಿಕೊಂಡ. ಗೇಟಿನ ಕೀಲು ಒಂದೇ ದಿನದಲ್ಲಿ ಸವೆಯುವುದಿಲ್ಲ. ದಿನವೂ ಆ ಗೇಟನ್ನು ಸರಿಸುವವರಿಗೆ ಅದು ಅಲುಗಾಡುವುದು ತಿಳಿಯದೇ ಇರದು. ತಿಳಿದವನ ಮಾತನ್ನು ಬರೆದುಕೊಳ್ಳುವವರು, ಬರೆದುಕೊಂಡದ್ದನ್ನು ಅದೇ ವಾರ ಸರಿಪಡಿಸುವವರು ಇರಬೇಕು. ನಿರ್ವಹಣೆ ಎಂದರೆ ಅದೇ. ಅದು ಇಲ್ಲವಾದ ಕಡೆ ಮಕ್ಕಳ ಜೀವಕ್ಕೆ ಖಾತ್ರಿಯಿಲ್ಲ. ಅಂಥ ಸಾವನ್ನು ಆಕಸ್ಮಿಕ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ಬಹಳ ವರ್ಷ ನಮ್ಮ ಪಾರ್ಕುಗಳಿಗೆ ಬೆಳಿಗ್ಗೆ ವಾಯುವಿಹಾರದವರು ಹೋದ ಮೇಲೆ ಬೀಗ ಬೀಳುತ್ತಿತ್ತು, ಮತ್ತೆ ತೆರೆಯುತ್ತಿದ್ದದ್ದು ಮಧ್ಯಾಹ್ನ ಕಳೆದ ಮೇಲೆ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆದೇಶ ಬಂತು. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ನಡು ಮಧ್ಯಾಹ್ನ ನೆರಳು ಬೇಕಾದದ್ದು ಯಾರಿಗೆ? ಮೂರು ಮನೆಗಳ ಕೆಲಸ ಮುಗಿಸಿ ನಾಲ್ಕನೆಯದಕ್ಕೆ ಹೋಗುವ ಮುನ್ನ ಡಬ್ಬಿ ಬಿಚ್ಚುವ ಹೆಂಗಸಿಗೆ. ಬೆಳಗಿನ ಜಾವದಿಂದ ರಸ್ತೆ ಗುಡಿಸಿದ ಪೌರಕಾರ್ಮಿಕರಿಗೆ. ಎರಡು ಆರ್ಡರುಗಳ ನಡುವೆ ಬೈಕಿನ ಮೇಲೆಯೇ ಒರಗುವ ಡೆಲಿವರಿ ಹುಡುಗರಿಗೆ. ಇವರೆಲ್ಲ ಪಾರ್ಕಿನ ಬೇಲಿಗೆ ಒರಗಿ ಫುಟ್‌ಪಾತಿನಲ್ಲಿ ಕೂತು ಊಟ ಮಾಡುತ್ತಿದ್ದರು. ಒಳಗೆ ಬೆಂಚು ಖಾಲಿ ಇರುತ್ತಿತ್ತು.

ತೆರೆದಿಟ್ಟರೆ ಕುಡುಕರು ಬರುತ್ತಾರೆ, ಪೋಲಿಗಳು ಬರುತ್ತಾರೆ ಎಂಬ ಆತಂಕ ಹಲವರಿಗಿದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಸಂಜೆ ಹೊತ್ತು ಒಬ್ಬಳೇ ನಡೆಯುವ ಹುಡುಗಿಗೆ ಆ ಭಯ ನಿಜವಾದದ್ದು. ಆದರೆ ಖಾಲಿ ಪಾರ್ಕು, ಕತ್ತಲ ಪಾರ್ಕು ಯಾರನ್ನೂ ಕಾಪಾಡುವುದಿಲ್ಲ. ಉರಿಯುವ ದೀಪ, ತೆರೆದ ಶೌಚಾಲಯ, ದಿನವಿಡೀ ಅಲ್ಲೇ ಇರುವ ಮಾಲಿ, ಆಡುವ ಮಕ್ಕಳು, ಹರಟುವ ಹಿರಿಯರು ಇದ್ದ ಕಡೆ ಕಿಡಿಗೇಡಿಗಳಿಗೆ ತಾವು ಸಿಗದು. ಬೀಗ ಹಾಕುವುದು ಪಾಲಿಕೆಗೆ ಸುಲಭವಾದ ದಾರಿ, ಅಷ್ಟೇ.

ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಬಗ್ಗೆಯೂ ಒಂದು ಮಾತು. ಎಷ್ಟೋ ಪಾರ್ಕುಗಳು ಇವತ್ತು ಹಸಿರಾಗಿದ್ದರೆ ಅದು ಈ ಸಂಘಗಳ ಹಿರಿಯರು ಸ್ವಂತ ಜೇಬಿನಿಂದ ಖರ್ಚು ಮಾಡಿ, ಕಚೇರಿಗಳಿಗೆ ಅಲೆದು ಉಳಿಸಿಕೊಂಡದ್ದರಿಂದ. ಅವರಿಗೆ ಕೈಮುಗಿಯುತ್ತೇನೆ. ಆದರೆ ನಿರ್ವಹಣೆಯನ್ನು ಖಾಸಗಿಯವರ ಕೈಗೆ ಕೊಟ್ಟ ಕಡೆ ಕೆಲವೊಮ್ಮೆ ಪಾರ್ಕಿನ ಯಜಮಾನಿಕೆಯೂ ಅವರ ಕೈಗೆ ಹೋಗಿಬಿಡುತ್ತದೆ. ಓಡಬಾರದು, ಚೆಂಡು ತರಬಾರದು, ಹುಲ್ಲಿನ ಮೇಲೆ ಕೂರಬಾರದು, ಇದೇ ದಿಕ್ಕಿನಲ್ಲಿ ನಡೆಯಬೇಕು ಎಂಬ ಫಲಕಗಳು ಏಳುತ್ತವೆ. ಸಾರ್ವಜನಿಕ ಜಾಗದ ನಿಯಮವನ್ನು ಸಾರ್ವಜನಿಕ ಸಂಸ್ಥೆಯೇ ಮಾಡಬೇಕು, ಎಲ್ಲರ ಮಾತು ಕೇಳಿಯೇ ಮಾಡಬೇಕು. ಚೆಂಡು ಹಿಡಿದು ಬಂದ ಹತ್ತು ವರ್ಷದ ಹುಡುಗ ಸಂಘದ ಸದಸ್ಯನಲ್ಲ, ಮನೆಗೆಲಸದ ಹೆಂಗಸೂ ಸದಸ್ಯೆಯಲ್ಲ.

ನೀರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವಾದಾಗ ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ದಿನವೂ ನೀರು ಕೇಳುವ ಹುಲ್ಲುಹಾಸು ಅಂಥ ಬೇಸಿಗೆಯಲ್ಲಿ ಸುಟ್ಟು ಕರಕಲಾಗುತ್ತದೆ. ಬೇರು ಆಳಕ್ಕಿಳಿದ ಬೇವು, ಹೊಂಗೆ ತಡೆದುಕೊಳ್ಳುತ್ತವೆ. ಹಾಗಿದ್ದೂ ಪಾರ್ಕೆಂದರೆ ಹುಲ್ಲುಹಾಸು ಎಂಬ ಕಲ್ಪನೆ ನಮ್ಮನ್ನು ಬಿಟ್ಟಿಲ್ಲ. ಒಂದು ಮೂಲೆಯಲ್ಲಿ ಮಳೆನೀರಿನ ಇಂಗುಬಾವಿ, ಇನ್ನೊಂದು ಮೂಲೆಯಲ್ಲಿ ತರಗೆಲೆಯ ಗೊಬ್ಬರದ ಗುಂಡಿ ಇದ್ದರೆ ಅರ್ಧ ತಾಪತ್ರಯ ಕಳೆಯಿತು. ಉದುರಿದ ಎಲೆಯನ್ನು ಚೀಲದಲ್ಲಿ ತುಂಬಿ ಕಸದ ಗಾಡಿಗೆ ಹಾಕಿ, ಆಮೇಲೆ ಗೊಬ್ಬರವನ್ನು ಹಣ ಕೊಟ್ಟು ತರುವುದು ಶುದ್ಧ ಅವಿವೇಕ.

ಇವನ್ನೆಲ್ಲ ತೀರ್ಮಾನಿಸಬೇಕಾದದ್ದು ಎಲ್ಲಿ? ಸಂವಿಧಾನದ 74ನೇ ತಿದ್ದುಪಡಿ ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ವಾರ್ಡ್ ಸಮಿತಿಯಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘಗಳವರು ಇರಬೇಕೆಂದು ನಮ್ಮ ರಾಜ್ಯದ ಕಾನೂನೂ ಹೇಳಿತು. ಈ ಪಾರ್ಕಿಗೆ ಕಾರಂಜಿ ಬೇಕೋ ಇನ್ನೊಬ್ಬ ಮಾಲಿ ಬೇಕೋ ಎಂಬ ಪ್ರಶ್ನೆ ಆ ಸಭೆಗೇ ಬರಬೇಕು. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ಚುನಾವಣೆಯಿಲ್ಲದೆ, ಆಡಳಿತಾಧಿಕಾರಿಗಳ ಕೈಯಲ್ಲೇ ಐದು ವರ್ಷ ಉರುಳಿ, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಒಂದಿದ್ದದ್ದು ಐದಾದರೆ ಕಚೇರಿ ಹತ್ತಿರವಾಗಬಹುದು. ಉತ್ತರ ಕೊಡಬೇಕಾದ ಸದಸ್ಯ ಹತ್ತಿರವಾಗದೆ ಪಾರ್ಕು ಸುಧಾರಿಸುತ್ತದೆಂದು ನಾನು ನಂಬುವುದಿಲ್ಲ. ಮತ ಕೇಳಲು ನಿಮ್ಮ ಬೀದಿಗೆ ಬಂದವರನ್ನು ಪಾರ್ಕಿಗೇ ಕರೆದುಕೊಂಡು ಹೋಗಿ, ಶೌಚಾಲಯದ ಬೀಗದ ಮುಂದೆ ನಿಲ್ಲಿಸಿ ಮಾತನಾಡಿಸಿ.

ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಿಲ್ಲ. ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ನಿಮ್ಮ ಪಾರ್ಕಿನ ನಿರ್ವಹಣೆಯನ್ನೇ ಆ ವಿಷಯವಾಗಿಸಿ. ನಿರ್ವಹಣಾ ಗುತ್ತಿಗೆಯ ಕಾರ್ಯಾದೇಶದ ಪ್ರತಿ ಕೇಳಿ. ಎಷ್ಟು ಮಂದಿ ಮಾಲಿಗಳನ್ನು ಇಡಬೇಕೆಂದು ಷರತ್ತಿದೆ ಎಂಬುದು ಅದರಲ್ಲಿ ಸಿಗಬೇಕು. ಕಳೆದ ಆರು ತಿಂಗಳ ಹಾಜರಿ ಪುಸ್ತಕದ ಪ್ರತಿ ಕೇಳಿ. ಮಾಲಿಗಳ ಕೂಲಿ ಮತ್ತು ಭವಿಷ್ಯನಿಧಿ ಪಾವತಿಯ ದಾಖಲೆ ಕೇಳಿ. ಆಟಿಕೆಗಳು, ಗೇಟು, ವಿದ್ಯುತ್ ಕಂಬಗಳನ್ನು ಕೊನೆಯ ಬಾರಿ ಪರೀಕ್ಷಿಸಿದ ವರದಿ ಕೇಳಿ. ಅವರು 30 ದಿನಗಳಲ್ಲಿ ಉತ್ತರಿಸಬೇಕು, ಉತ್ತರಿಸದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಕಾಗದ ಕೈಗೆ ಬಂದ ದಿನ ಅದನ್ನು ಹಿಡಿದುಕೊಂಡು ಪಾರ್ಕಿಗೆ ಹೋಗಿ, ಅದರಲ್ಲಿ ಬರೆದಷ್ಟು ಮಾಲಿಗಳು ಅಲ್ಲಿದ್ದಾರೆಯೇ ಎಂದು ಎಣಿಸಿ. ಲೆಕ್ಕ ತಾಳೆಯಾಗದಿದ್ದರೆ ಆ ಪ್ರತಿಯನ್ನು ನಮಗೂ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಪಾರ್ಕು ಪಾರ್ಕಿನ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಮಾತನಾಡೋಣ.